‘ನಮಗೆ ಆಗಲ್ಲ’ ಎಂಬ ಮಾತು

ನ್ಯೂ ಜೆರ್ಸಿಯ ಮೆಟುಚೆನ್ ರೈಲು ನಿಲ್ದಾಣದಿಂದ ಎರಡು ಬೀದಿ ಆಚೆ, ಮೂರಂತಸ್ತಿನ ಇಟ್ಟಿಗೆ ಕಟ್ಟಡವೊಂದರಲ್ಲಿ ಅಜ್ರಾ ವಾಸವಾಗಿದ್ದಳು. ಸುತ್ತಲಿನ ಕನ್ನಡದವರಿಗೆಲ್ಲ ಅವಳು ಅಜ್ರಾ ಟೀಚರ್. ಆ ಕೆಲಸ ಬಿಟ್ಟು ಹದಿನಾಲ್ಕು ವರ್ಷವಾಗಿದ್ದರೂ ಹೆಸರಿನ ಬಾಲ ಕಳಚಿರಲಿಲ್ಲ. ಮೈಸೂರಿನ ಲಷ್ಕರ್ ಮೊಹಲ್ಲಾದವಳು. ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಹನ್ನೊಂದು ವರ್ಷ ಕನ್ನಡ ಪಾಠ ಮಾಡಿದವಳು. ಮನೆಯಲ್ಲಿ ಉರ್ದು ಆಡುವ ಹೆಂಗಸು ಕನ್ನಡ ಟೀಚರೇ ಎಂದು ಯಾರಾದರೂ ಹುಬ್ಬೇರಿಸಿದರೆ, ಒಂದು ಹಳಗನ್ನಡ ಪದ್ಯವನ್ನು ನಿಂತ ನಿಲುವಿನಲ್ಲೇ ಬಿಡಿಸಿ ಅರ್ಥ ಹೇಳಿ ಅವರ ಬಾಯಿ ಮುಚ್ಚಿಸುತ್ತಿದ್ದಳು. ಗಂಡ ಅಕ್ರಂಗೆ ನ್ಯೂಯಾರ್ಕಿನ ಹಣಕಾಸು ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತೆಂದು 1994ರಲ್ಲಿ, ನಾಲ್ಕು ವರ್ಷದ ಮಗಳು ಅಲೀನಾಳನ್ನು ಎತ್ತಿಕೊಂಡು ಈ ಊರಿಗೆ ಬಂದಿದ್ದಳು.

ಇಲ್ಲಿ ಅವಳ ಕೆಲಸ ಟೋನಿ ಎಂಬಾತನ ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೋಟಿನ ಗುಂಡಿ ಹಾಕುವುದು. ಆದರೆ ಅವಳ ನಿಜವಾದ ಕಚೇರಿ ಮನೆಯ ಊಟದ ಮೇಜು. ಶಾಲೆಯ ಅರ್ಜಿ, ಗ್ರೀನ್ ಕಾರ್ಡಿನ ಅರ್ಜಿ, ಅತ್ತೆ ಮಾವನಿಗೆ ವೀಸಾ ಅರ್ಜಿ, ಏನೇ ಇದ್ದರೂ ಜನ ಹಿಡಿದುಕೊಂಡು ಅಲ್ಲಿಗೆ ಬರುತ್ತಿದ್ದರು. ದೊಡ್ಡ ದೊಡ್ಡ ಇಂಜಿನಿಯರುಗಳು ಒಂದು ಖಾಲಿ ಗೆರೆ ಕಂಡರೆ ಬೆವರುತ್ತಾರೆ ಎಂಬುದನ್ನು ಅವಳು ಅಲ್ಲಿ ಕೂತೇ ಕಲಿತಳು. ಅವಳ ಅಕ್ಷರ ಅಚ್ಚು ಹಾಕಿದ ಹಾಗೆ. ಯಾವ ಗೆರೆಯಲ್ಲಿ ಏನು ಬರೆದರೆ ಕೆಲಸವಾಗುತ್ತದೆ ಎಂಬುದು ಅವಳಿಗೆ ಕರತಲಾಮಲಕ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಪರದೇಶದಲ್ಲಿ ಮನುಷ್ಯನಿಗೆ ಒಂದಾದರೂ ಜಂಬ ಬೇಕು.

ಅಲೀನಾ ಎರಡನೇ ತರಗತಿಯಲ್ಲಿದ್ದಾಗ ಶಾಲೆಯ ಅರ್ಜಿಯಲ್ಲಿ ಅಜ್ರಾ ಇದ್ದದ್ದು ಇದ್ದ ಹಾಗೆ ಬರೆದಿದ್ದಳು: ಈ ಮಗು ಹಂದಿ ಮಾಂಸ ತಿನ್ನುವುದಿಲ್ಲ. ತಿಂಗಳೊಳಗೆ ಕ್ಲಾಸಿನಲ್ಲಿ ಯಾರದೋ ಹುಟ್ಟುಹಬ್ಬವಾಯಿತು, ಪಿಜ್ಜಾ ಬಂತು. ಸಂಜೆ ಮಗು ಮನೆಗೆ ಬಂದು ಕೇಳಿತು, "ಅಮ್ಮಿ, ವಾಟ್ ಈಸ್ ಪೆಪ್ಪರೋನಿ?"

ಪೆಪ್ಪರೋನಿ ಎಂದರೆ ಪಿಜ್ಜಾದ ಮೇಲೆ ಹಾಕುವ ಹಂದಿ ಮಾಂಸದ ಬಿಲ್ಲೆ. ಮಾರನೆಯ ದಿನ ಅಜ್ರಾ ಶಾಲೆಗೆ ಹೋದಳು. ಕಚೇರಿಯ ಹೆಂಗಸು ಅರ್ಜಿ ತೆಗೆದು ನೋಡಿ, ಇದು ನಿಮ್ಮ ಇಷ್ಟಾನಿಷ್ಟದ ಮಾತು ಅಂದುಕೊಂಡೆವು, ಸಾರಿ, ಎಂದಳು. ಅಜ್ರಾಗೆ ಅಳು ಬಂತು. ಮೇಲಿನ ಮನೆಯ ಅಲಮೇಲು, ಮೈಸೂರಿನ ಅಯ್ಯಂಗಾರರ ಹೆಂಗಸು, ಅವಳಿಗೆ ಕಾಫಿ ಕೊಟ್ಟು ಕೂರಿಸಿ ಒಂದು ಉಪಾಯ ಹೇಳಿಕೊಟ್ಟಳು.

"ನಾವು ಮೊಟ್ಟೆ ತಿನ್ನಲ್ಲ ಅಂದ್ರೆ ಇಲ್ಲಿ ಯಾರೂ ಕಿವಿಗೇ ಹಾಕ್ಕೊಳಲ್ಲ ಟೀಚರ್. ಅಲರ್ಜಿ ಅನ್ನಿ. ಹೋಟ್ಲಲ್ಲಿ ಅಡುಗೆಯವನೇ ಓಡಿ ಬಂದು ವಿಚಾರಿಸ್ತಾನೆ. ಹನ್ನೆರಡು ವರ್ಷದಿಂದ ನಾನು, ನಮ್ಮೆಜಮಾನ್ರು ಇಬ್ಬರಿಗೂ ಮೊಟ್ಟೆ ಅಲರ್ಜಿ."

ಇಬ್ಬರೂ ನಕ್ಕರು. ಅಂದಿನಿಂದ ಅಜ್ರಾ ಯಾವ ಅರ್ಜಿಯಲ್ಲೂ ‘ತಿನ್ನುವುದಿಲ್ಲ’ ಎಂದು ಬರೆಯಲಿಲ್ಲ. ಅಲರ್ಜಿ ಎಂಬ ಗೆರೆಯಲ್ಲಿ ‘ಹಂದಿ ಮಾಂಸ’ ಎಂದು ಬರೆದಳು. ಪರಿಣಾಮ ಎಂಬ ಗೆರೆಯಲ್ಲಿ ‘ತೀವ್ರ’ ಎಂದು ಸೇರಿಸಿದಳು. ಅಲೀನಾಳ ತಟ್ಟೆಗೆ ಮತ್ತೆಂದೂ ಪೆಪ್ಪರೋನಿ ಬರಲಿಲ್ಲ. ಬೇರೆಯವರ ಅರ್ಜಿಗಳಲ್ಲೂ ಅವರವರ ಮನೆಯ ಪದ್ಧತಿಗೆ ತಕ್ಕ ಅಲರ್ಜಿ ಬರೆದುಕೊಟ್ಟಳು. ಈ ದೇಶದಲ್ಲಿ ನಂಬಿಕೆಗೆ ಸಿಗದ ಮರ್ಯಾದೆ ಕಾಯಿಲೆಗೆ ಸಿಗುತ್ತದೆ. ಅದಕ್ಕೆ ಅಜ್ರಾ ಏನು ಮಾಡಿಯಾಳು.

2008ರ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಅಕ್ರಂ ರೈಲಿಗೆಂದು ಹೊರಟವನು ಪ್ಲಾಟ್‌ಫಾರ್ಮಿನ ಮೆಟ್ಟಿಲಿನಲ್ಲೇ ಕುಸಿದು ಕೂತ. ಉಸಿರು ಸಿಗುತ್ತಿರಲಿಲ್ಲ, ಕಾಲು ಬಾತುಕೊಂಡಿತ್ತು. ವರ್ಷಗಟ್ಟಲೆ ಲಕ್ಷ್ಯಕ್ಕೆ ತಂದುಕೊಳ್ಳದ ರಕ್ತದೊತ್ತಡ ಎರಡು ಕಿಡ್ನಿಗಳನ್ನೂ ತಿಂದು ಮುಗಿಸಿತ್ತು. ಆಸ್ಪತ್ರೆಯಲ್ಲಿ ಅವನ ಮುಖಕ್ಕೆ ಆಮ್ಲಜನಕದ ಮಾಸ್ಕ್ ಕಟ್ಟಿದರು. ಅಜ್ರಾಳ ಕೈಗೆ ಒಂದು ಅರ್ಜಿ ಕೊಟ್ಟರು. ಆ ಹೊತ್ತಿನಲ್ಲೂ ಅವಳ ಅಕ್ಷರ ಅಚ್ಚು ಹಾಕಿದ ಹಾಗೇ ಬಿತ್ತು. ಹೆಸರು, ವಯಸ್ಸು ಐವತ್ತೊಂದು, ಹಿಂದಿನ ಆಪರೇಷನ್ನು. ಅಲರ್ಜಿ ಎಂಬ ಗೆರೆ ಬಂದಾಗ ಅವಳು ಯೋಚಿಸಲೇ ಇಲ್ಲ. ಮಾತಾಡಲಾಗದೆ ಮಲಗಿದ ಮನುಷ್ಯನಿಗೆ ಆಸ್ಪತ್ರೆಯವರು ಏನು ಸೂಪು ಕುಡಿಸುತ್ತಾರೋ ಎಂಬ ಒಂದೇ ಭಯ. ಹಂದಿ ಮಾಂಸ. ತೀವ್ರ. ಅಕ್ರಂನ ಮಣಿಕಟ್ಟಿಗೆ ಅಲರ್ಜಿ ಇದೆ ಎಂದು ಸೂಚಿಸುವ ಕೆಂಪು ಪಟ್ಟಿ ಬಿತ್ತು.

ಡಯಾಲಿಸಿಸ್ ಎಂದರೆ ಮೈಯ ರಕ್ತವನ್ನು ನಳಿಕೆಯಲ್ಲಿ ಹೊರಗೆ ತಂದು, ಒಂದು ಫಿಲ್ಟರಿನಲ್ಲಿ ತೊಳೆದು, ತಿರುಗಿ ಮೈಗೆ ಸೇರಿಸುವುದು. ಹೊರಗೆ ಬಂದ ರಕ್ತಕ್ಕೆ ಹೆಪ್ಪುಗಟ್ಟುವುದೊಂದೇ ಗೊತ್ತು. ಹಾಗೆ ಆಗದಂತೆ ಹೆಪಾರಿನ್ ಎಂಬ ಔಷಧಿ ಬೆರೆಸುತ್ತಾರೆ. ಅಲ್ಲಿನ ಡಾಕ್ಟರು ಅವಸರದಲ್ಲಿದ್ದರು. ಸುರಕ್ಷಿತವಾಗಿರಲಿ ಎಂದು ಹೆಪಾರಿನ್ ಇಲ್ಲದೆ ಮಾಡುತ್ತೇವೆ ಎಂದಷ್ಟೇ ಹೇಳಿ ಹೋದರು. ಆ ದಿನಗಳಲ್ಲಿ ಕಲಬೆರಕೆ ಹೆಪಾರಿನ್ನಿನ ಸುದ್ದಿ ಪೇಪರಿನಲ್ಲಿ, ಟೀವಿಯಲ್ಲಿ ಬರುತ್ತಲೇ ಇತ್ತು. ಅಜ್ರಾ ಅದನ್ನು ಓದಿದ್ದಳು. ಓಹೋ, ಅದಕ್ಕೇ ಇರಬೇಕು, ಎಷ್ಟು ಎಚ್ಚರಿಕೆಯ ಜನ ಎಂದುಕೊಂಡು ಅಲ್ಲಾಹನಿಗೆ ಶುಕ್ರಿಯಾ ಹೇಳಿದಳು.

ಹೊಟ್ಟೆಯೊಳಗೆ ದ್ರವ ತುಂಬಿಸಿ ಮನೆಯಲ್ಲೇ ಮಾಡಿಕೊಳ್ಳುವ ಇನ್ನೊಂದು ಬಗೆಯ ಡಯಾಲಿಸಿಸ್ ಇದೆ. ಅದಕ್ಕೆ ಹೆಪಾರಿನ್ನಿನ ಗೊಡವೆ ಅಷ್ಟಾಗಿ ಇಲ್ಲ. ಆದರೆ ಹರೆಯದಲ್ಲಿ ಅಪೆಂಡಿಕ್ಸ್ ಒಡೆದು ಅಕ್ರಂಗೆ ಮೈಸೂರಿನಲ್ಲಿ ದೊಡ್ಡ ಆಪರೇಷನ್ ಆಗಿತ್ತು. ಹೊಟ್ಟೆಯೊಳಗೆಲ್ಲ ಅಂಟಿಕೊಂಡಿದೆ, ಆ ದಾರಿ ಮುಚ್ಚಿದೆ ಎಂದರು. ಹಾಗಾಗಿ ವಾರಕ್ಕೆ ಮೂರು ದಿನ ಯಂತ್ರದ ಪಕ್ಕದ ಕುರ್ಚಿಯೇ ಗತಿಯಾಯಿತು. ಅರ್ಧ ಗಂಟೆಗೊಮ್ಮೆ ನರ್ಸ್ ಬಂದು ಉಪ್ಪುನೀರು ಹಾಯಿಸಿ ನಳಿಕೆ ತೊಳೆಯುತ್ತಿದ್ದಳು. ಆ ಸೆಂಟರಿನಲ್ಲಿ ಕೈಗಳು ಸಾಕಷ್ಟಿದ್ದವು. ಹೇಗೋ ನಡೆಯಿತು.

ಅಜ್ರಾಳಿಗೆ ಮೊದಲ ದಿನದಿಂದಲೂ ಒಂದೇ ಛಲ: ತನ್ನ ಒಂದು ಕಿಡ್ನಿಯನ್ನು ಗಂಡನಿಗೆ ಕೊಡಬೇಕು. ಅಲೀನಾ ತಾನು ಕೊಡುತ್ತೇನೆಂದಾಗ ಅಕ್ರಂ ಆ ಮಾತನ್ನೇ ಎತ್ತಬೇಡ ಎಂದುಬಿಟ್ಟ. ಹದಿನೆಂಟು ವರ್ಷದ ಮಗಳು. ಉಳಿದವಳು ಅಜ್ರಾ. ಇಬ್ಬರದೂ ಒಂದೇ ಗುಂಪಿನ ರಕ್ತ. ಬೇಸಿಗೆಯಿಡೀ ಅವಳನ್ನು ಪರೀಕ್ಷೆ ಮಾಡಿದರು. ಆಗಸ್ಟಿನಲ್ಲಿ ಇಬ್ಬರ ರಕ್ತವನ್ನೂ ಬೆರೆಸಿ ನೋಡಿ, ಅಕ್ರಂನ ಮೈ ಈ ಕಿಡ್ನಿಯನ್ನು ತಳ್ಳಿಹಾಕುವುದಿಲ್ಲ ಎಂದು ಬರೆದುಕೊಟ್ಟರು. ಅಕ್ಟೋಬರ್ ಮೂರನೇ ವಾರಕ್ಕೆ ಆಪರೇಷನ್ ಎಂದು ಗೊತ್ತಾಯಿತು. ಆ ದಿನ ಅಜ್ರಾ ಶಾವಿಗೆ ಪಾಯಸ ಮಾಡಿ ಮೇಲಿನ ಮನೆಗೂ ಕಳಿಸಿದಳು. ಮದುವೆಯ ದಿನವೂ ತಾನು ಇಷ್ಟು ಖುಷಿಯಾಗಿರಲಿಲ್ಲ ಎಂದು ಅಲಮೇಲುವಿನ ಹತ್ತಿರ ಹೇಳಿಕೊಂಡಳು. ಅದು ನಿಜವೂ ಆಗಿತ್ತು.

ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ದೊಡ್ಡ ದೊಡ್ಡ ಕಂಪನಿಗಳು ಒಂದರ ಹಿಂದೆ ಒಂದು ಮಗುಚಿಬಿದ್ದವು. ಅಕ್ರಂ ಕೆಲಸ ಮಾಡುತ್ತಿದ್ದದ್ದು ಅಂಥ ಹೆಸರಾಂತ ಕಂಪನಿಯೇನಲ್ಲ. ಅವುಗಳ ಬಾಲ ಹಿಡಿದು ನಡೆಯುತ್ತಿದ್ದ ಒಂದು ಸಣ್ಣದು. ಅದೂ ಬಿತ್ತು. ಕಂಪನಿಯೇ ಮುಚ್ಚಿದ ಮೇಲೆ ಅದರ ಇನ್ಶೂರೆನ್ಸೂ ಮುಚ್ಚಿತು. ಹೊಸ ಇನ್ಶೂರೆನ್ಸಿನ ಕಾರ್ಡ್ ಬಂದಾಗ, ಹಳೆಯ ಡಯಾಲಿಸಿಸ್ ಸೆಂಟರೂ ಕಸಿಯ ಆಸ್ಪತ್ರೆಯೂ ಅದರ ಪಟ್ಟಿಯಲ್ಲಿ ಇರಲಿಲ್ಲ. ಬೇರೆ ಆಸ್ಪತ್ರೆ, ಹೊಸ ಫೈಲು, ಮೊದಲಿಂದ ಎಲ್ಲ ಪರೀಕ್ಷೆ. ಅಕ್ಟೋಬರ್ ಮೂರನೇ ವಾರ ಬಂದು ಹಾಗೇ ಹೋಯಿತು. ಇನ್ನು ಐದಾರು ತಿಂಗಳು ಕಾಯಬೇಕಷ್ಟೇ ಎಂದು ಅಜ್ರಾ ಗಂಡನಿಗೆ ಧೈರ್ಯ ಹೇಳಿದಳು. ಕಿಡ್ನಿ ಎಲ್ಲಿಗೆ ಓಡಿಹೋಗುತ್ತದೆ, ನನ್ನ ಹೊಟ್ಟೆಯಲ್ಲೇ ಇದೆಯಲ್ಲ, ಎಂದಳು.

ಹಳೆಯ ಸೆಂಟರಿನ ಕಾಗದ ನೋಡಿ ಹೊಸ ಸೆಂಟರಿನಲ್ಲೂ ಹೆಪಾರಿನ್ ಕೊಡಲಿಲ್ಲ. ಇಲ್ಲಿ ನಾಲ್ಕು ಕುರ್ಚಿಗೆ ಒಬ್ಬರು ಕೆಲಸದವರು. ಅರ್ಧ ಗಂಟೆಯ ಉಪ್ಪುನೀರು ಮುಕ್ಕಾಲು ಗಂಟೆಗೆ, ಗಂಟೆಗೆ ಬರತೊಡಗಿತು. ಫಿಲ್ಟರು ವಾರಕ್ಕೊಂದಾದರೂ ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ನಿಂತರೆ ಅದರಲ್ಲಿದ್ದ ರಕ್ತವನ್ನು ತಿರುಗಿ ಮೈಗೆ ಕೊಡುವಂತಿಲ್ಲ, ಎಸೆಯಬೇಕು. ಒಂದೊಂದು ಸಲ ಒಂದು ಲೋಟದಷ್ಟು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ, ಅಂದರೆ ನವೆಂಬರ್ ಕೊನೆಯ, ಹೊತ್ತಿಗೆ ಅಕ್ರಂನ ತುಟಿ ಕಾಗದದ ಬಣ್ಣಕ್ಕೆ ತಿರುಗಿತ್ತು. ಎರಡು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಆಸ್ಪತ್ರೆಗೆ ಸೇರಿಸಿ ಬೇರೆಯವರ ರಕ್ತ ಕೊಟ್ಟರು. ಡಿಸೆಂಬರಿನಲ್ಲಿ ಮತ್ತೆ, ಜನವರಿಯಲ್ಲಿ ಮತ್ತೆ. ರಕ್ತ ಏರಿದ ಮರುದಿನ ಅವನ ಮುಖದಲ್ಲಿ ಕೆಂಪು ಕಂಡು ಅಜ್ರಾ ಹಿಗ್ಗುತ್ತಿದ್ದಳು. ಯಾವ ಪುಣ್ಯಾತ್ಮ ಕೊಟ್ಟ ರಕ್ತವೋ ಎಂದು ಅವರಿಗಾಗಿ ದುವಾ ಮಾಡುತ್ತಿದ್ದಳು.

ಫೆಬ್ರವರಿಯಲ್ಲಿ ಆ ಸೆಂಟರಿಗೆ ಶೈಲಮ್ಮ ಎಂಬ ನರ್ಸ್ ಬಂದಳು. ಮದ್ದೂರಿನವಳು, ಐವತ್ತು ದಾಟಿದವಳು. ಅಜ್ರಾಳ ಕೈಯಲ್ಲಿ ಕನ್ನಡ ವಾರಪತ್ರಿಕೆ ಕಂಡ ಗಳಿಗೆಯಿಂದ ಇಬ್ಬರಿಗೂ ಸಲಿಗೆಯಾಯಿತು. ಎರಡನೇ ವಾರದಲ್ಲಿ ಒಂದು ದಿನ ಅಕ್ರಂನ ಫಿಲ್ಟರು ಮತ್ತೆ ಕಪ್ಪಾಗಿ ನಿಂತಿತು. ಶೈಲಮ್ಮ ಎಲ್ಲ ಬಿಚ್ಚಿ, ಅವನಿಗೆ ಕಂಬಳಿ ಹೊದಿಸಿ, ಫೈಲು ಹಿಡಿದುಕೊಂಡು ಹೊರಗಿನ ಕೋಣೆಗೆ ಬಂದಳು.

"ಟೀಚರ್, ಒಂದ್ ಮಾತು ಕೇಳ್ತೀನಿ. ಯಜಮಾನ್ರಿಗೆ ಹಂದಿ ಮಾಂಸದ ಅಲರ್ಜಿ ಅಂತ ಫೈಲಲ್ಲಿದೆ. ತುಂಬಾ ಜೋರು ಅಂತಾನೂ ಇದೆ."

"ಹೌದು," ಎಂದಳು ಅಜ್ರಾ ರೂಢಿಯಂತೆ. "ನಮಗೆ ಅದು ಆಗಲ್ಲ."

ಶೈಲಮ್ಮ ಫೈಲು ಮುಚ್ಚಿ ಪಕ್ಕದಲ್ಲಿ ಕೂತಳು. "ಆಗಲ್ಲ ಅಂದ್ರೆ ಯಾವ ಆಗಲ್ಲ ಟೀಚರ್? ತಿಂದ್ರೆ ಮೈಗೆ ಆಗಲ್ವೋ, ಇಲ್ಲಾ ತಿನ್ನೋದೇ ಆಗಲ್ವೋ?"

ಕನ್ನಡದಲ್ಲಿ ಆ ಎರಡಕ್ಕೂ ಒಂದೇ ಮಾತು ಸಾಕು. ನಮಗೆ ಬದನೆಕಾಯಿ ಆಗಲ್ಲ, ನಮಗೆ ಹೆಂಡ ಆಗಲ್ಲ. ಒಂದು ಮೈಯದು, ಒಂದು ಮನಸ್ಸಿನದು. ಎದುರಿಗಿದ್ದವರು ಮುಖ ನೋಡಿ ತಿಳಿದುಕೊಳ್ಳುತ್ತಾರೆ. ಅರ್ಜಿಯ ಕಾಗದ ಯಾರ ಮುಖವನ್ನೂ ನೋಡುವುದಿಲ್ಲ.

"ಯಾಕೆ ಕೇಳ್ತಿದ್ದೀರಿ?" ಎಂದಳು ಅಜ್ರಾ.

"ಹೆಪಾರಿನ್ನ ಹಂದಿ ಕರುಳಿಂದ ತೆಗೀತಾರೆ. ಈ ಅಲರ್ಜಿ ಬರ್ದಿದೆ ಅಂತ್ಲೇ ಯಜಮಾನ್ರಿಗೆ ಅದನ್ನ ಕೊಡ್ತಾ ಇಲ್ಲ. ಅದಿಲ್ದೆ ಇಷ್ಟು ರಕ್ತ ಹೋಗ್ತಾ ಐತೆ. ನಿಜವಾಗ್ಲೂ ಅಲರ್ಜಿ ಇದ್ರೆ ಬೇರೆ ದಾರಿ ಹುಡುಕ್ಬೇಕು. ತಿಂದಾಗ ಏನಾಯ್ತು ಅವ್ರಿಗೆ? ಮೈ ಊದ್ಕತಾ, ಉಸಿರು ಕಟ್ತಾ?"

ಊದಿಕೊಂಡಿತು ಎಂದುಬಿಡೋಣ, ಒಂದು ಸುಳ್ಳಿಗೆ ಇನ್ನೊಂದು ಸೇರಿಸಿ ಮಾನ ಉಳಿಸಿಕೊಳ್ಳೋಣ ಎಂದು ಅಜ್ರಾಳಿಗೆ ಒಂದು ಗಳಿಗೆ ಅನ್ನಿಸಿತು. ಅನ್ನಿಸಲಿಲ್ಲ ಎಂದು ನಾನು ಹೇಳಿದರೆ ಅವಳಿಗೆ ಅಪಚಾರ ಮಾಡಿದ ಹಾಗೆ. ಅವಳೇ ಅದನ್ನು ಒಪ್ಪಿಕೊಂಡಿದ್ದಾಳೆ. ಗಾಜಿನಾಚೆ ಅಕ್ರಂ ಕಂಬಳಿಯೊಳಗೆ ಮುದುಡಿ ಮಲಗಿದ್ದ.

"ಅವ್ರು ಹುಟ್ಟಿದಾಗಿಂದ ಅದನ್ನ ಬಾಯಿಗೇ ಹಾಕಿಲ್ಲ ಶೈಲಮ್ಮ," ಎಂದಳು. "ಅಲರ್ಜಿ ಇದೆಯೋ ಇಲ್ವೋ ಯಾರಿಗೂ ಗೊತ್ತಿಲ್ಲ. ಆಸ್ಪತ್ರೆ ಊಟದಲ್ಲಿ ಬೆರೆತುಬಿಡುತ್ತೇನೋ ಅಂತ ನಾನೇ ಬರೆದೆ."

ಶೈಲಮ್ಮ ಬೈಯಲಿಲ್ಲ. ಅಜ್ರಾಳ ಮೊಣಕೈ ಮೇಲೆ ಕೈಯಿಟ್ಟು, "ಡಾಕ್ಟ್ರಿಗೆ ನಾನು ಹೇಳ್ಬೇಕಾಗ್ತದೆ. ಯಜಮಾನ್ರಿಗೆ ನೀವು ಹೇಳಿ," ಎಂದಳು.

ಆ ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮುಂದೆ ಅಜ್ರಾ ಹೇಳಿದಳು. ಅಕ್ರಂ ತನ್ನ ಪಾಲಿನ ಅರ್ಧ ಲೋಟ ಚಹಾವನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದ. ಅದಕ್ಕಿಂತ ಹೆಚ್ಚು ಕುಡಿಯುವಂತಿರಲಿಲ್ಲ. ಪೂರ್ತಿ ಕೇಳಿದ. ಉಳಿದ ಚಹಾ ಮುಗಿಸಿ ಲೋಟ ಕೆಳಗಿಟ್ಟ.

"ಹನ್ನೊಂದು ತಿಂಗಳು," ಎಂದ ಕೊನೆಗೆ. "ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಅಜ್ರಾ."

"ನಿಮಗೆ ಮಾಸ್ಕ್ ಹಾಕಿದ್ರು ರೀ."

"ಆ ದಿನ ಹಾಕಿದ್ರು."

ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನ ಪರವಾಗಿ ಅವಳು ತುಂಬಿದ ಅರ್ಜಿಗಳಿಗೆ ಲೆಕ್ಕವಿರಲಿಲ್ಲ. ಬರೆದದ್ದನ್ನು ಅವನಿಗೆ ಓದಿ ಹೇಳಿದ್ದು ಒಂದೂ ನೆನಪಾಗಲಿಲ್ಲ. ಅವನು ಸಹಿ ಹಾಕುತ್ತಿದ್ದ, ಅಷ್ಟೇ. ಅದನ್ನು ಇಬ್ಬರೂ ಪ್ರೀತಿ ಎಂದುಕೊಂಡಿದ್ದರು. ಪ್ರೀತಿಯೇ ಆಗಿತ್ತು, ಅದರಲ್ಲಿ ಅನುಮಾನವಿಲ್ಲ.

ಅಕ್ರಂ ಎರಡು ದಿನ ಯೋಚಿಸಿದ. ಹೆಪಾರಿನ್ನಿಗೆ ಬದಲು ಸಿಟ್ರೇಟ್ ಎಂಬ ಇನ್ನೊಂದು ವಸ್ತುವಿದೆ, ಅದನ್ನು ಬಳಸಿ ಡಯಾಲಿಸಿಸ್ ಮಾಡಬಹುದು ಎಂದು ಡಾಕ್ಟರು ಹೇಳಿದ್ದರು. ಅವನು ಅದನ್ನೇ ಮೊದಲು ವಿಚಾರಿಸಿದ. ಆ ಸೆಂಟರಿನಲ್ಲಿ ಅದು ಇರಲಿಲ್ಲ. ಅದು ಇದ್ದ ಕಡೆ ಅವರ ಇನ್ಶೂರೆನ್ಸ್ ನಡೆಯುತ್ತಿರಲಿಲ್ಲ. ಆಮೇಲೆ ಅವನೇ ಶೈಲಮ್ಮನ ಹತ್ತಿರ, "ಜೀವಕ್ಕೆ ಬಂದಾಗ ಔಷಧಿಗೆ ಅಡ್ಡಿಯಿಲ್ಲ ಅಂತ ನಮ್ಮಲ್ಲಿ ತಿಳಿದವರು ಹೇಳ್ತಾರೆ ಸಿಸ್ಟರ್. ಹಾಕಿ," ಎಂದ. ತಕರಾರಿಲ್ಲದೆ, ಒಂದೇ ಉಸಿರಿನಲ್ಲಿ. ಮೊದಲ ಸಲ ಸ್ವಲ್ಪವೇ ಕೊಟ್ಟು ಪಕ್ಕದಲ್ಲೇ ನಿಂತು ನೋಡಿದರು. ಮೈ ಊದಲಿಲ್ಲ, ಉಸಿರು ಕಟ್ಟಲಿಲ್ಲ. ನಾಲ್ಕು ಗಂಟೆಯ ಕೊನೆಗೂ ಫಿಲ್ಟರು ತಿಳಿಯಾಗಿಯೇ ಇತ್ತು. ಮಾರ್ಚ್ ಕಳೆಯುವಷ್ಟರಲ್ಲಿ ಅಕ್ರಂ ರೈಲು ನಿಲ್ದಾಣದವರೆಗೆ ನಡೆದು ಬರತೊಡಗಿದ.

ಹೊಸ ಆಸ್ಪತ್ರೆಯ ಫೈಲೂ ಆ ಹೊತ್ತಿಗೆ ತಯಾರಾಗಿತ್ತು. ಅಜ್ರಾಳ ಪರೀಕ್ಷೆಗಳೆಲ್ಲ ಇನ್ನೊಮ್ಮೆ ಮುಗಿದವು. ಕೊನೆಯದಾಗಿ ಇಬ್ಬರ ರಕ್ತವನ್ನೂ ಬೆರೆಸಿ ನೋಡುವುದು ಮಾತ್ರ ಉಳಿದಿತ್ತು. ಅದು ಬರೀ ಶಾಸ್ತ್ರ, ಹಿಂದೆ ಸರಿಹೊಂದಿತ್ತಲ್ಲ, ಎಂದುಕೊಂಡಿದ್ದಳು ಅಜ್ರಾ. ಟೋನಿಗೆ ಹೇಳಿ ಜೂನ್ ತಿಂಗಳಿಗೆ ರಜೆಯನ್ನೂ ಕೇಳಿಟ್ಟಿದ್ದಳು.

ಏಪ್ರಿಲಿನಲ್ಲಿ ಇಬ್ಬರನ್ನೂ ಕರೆಸಿದರು. ಕಸಿಯ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ನೀತಾ ಎಂಬ ಗುಜರಾತಿ ಹೆಂಗಸು ಬಾಗಿಲು ಮುಚ್ಚಿಕೊಂಡು ಬಂದು ಕೂತಳು. ನೀತಾ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು. ಈ ಸಲ ಹೊಂದಲಿಲ್ಲ. ಅಕ್ರಂನ ರಕ್ತದಲ್ಲಿ ಹೊಸದಾಗಿ ಪ್ರತಿಕಾಯಗಳು ಹುಟ್ಟಿವೆ, ಅವು ಅಜ್ರಾಳ ಕಿಡ್ನಿಯನ್ನು ಕಂಡ ಕೂಡಲೇ ಕೊಲ್ಲುತ್ತವೆ. ಬೇರೆಯವರ ರಕ್ತ ಪಡೆದವರಲ್ಲಿ ಕೆಲವರಿಗೆ ಹೀಗಾಗುತ್ತದೆ.

"ಮೂರು ಸಲ ಕೊಟ್ಟರು," ಎಂದಳು ಅಜ್ರಾ ಇಂಗ್ಲಿಷಿನಲ್ಲೇ. "ಅದನ್ನು ಕೊಡದೆ ಇದ್ದಿದ್ದರೆ?"

"ಖಚಿತವಾಗಿ ಹೇಳಲು ಬರುವುದಿಲ್ಲ," ಎಂದಳು ನೀತಾ. "ಆದರೆ ಕಳೆದ ಆಗಸ್ಟಿನಲ್ಲಿ ಹೊಂದಿತ್ತು."

ಹೀಗೇ ಹೊಂದದ ಇನ್ನೊಂದು ಜೋಡಿ ಸಿಕ್ಕರೆ ಅದಲು ಬದಲು ಮಾಡಬಹುದು, ಅಜ್ರಾ ಆ ಜೋಡಿಯ ರೋಗಿಗೆ ಕೊಟ್ಟರೆ ಅವರ ಕಡೆಯವರು ಅಕ್ರಂಗೆ ಕೊಡುತ್ತಾರೆ ಎಂದು ನೀತಾ ವಿವರಿಸಿದಳು. ಪಟ್ಟಿಯಲ್ಲಿ ಹೆಸರು ಸೇರಿಸುತ್ತೇನೆ, ಆದರೆ ಇಷ್ಟು ಪ್ರತಿಕಾಯಗಳಿರುವವರಿಗೆ ಸಿಗುವುದು ಕಷ್ಟ ಎಂಬುದನ್ನೂ ಮುಚ್ಚಿಡಲಿಲ್ಲ.

ಪಾರ್ಕಿಂಗ್ ಕಟ್ಟಡದಲ್ಲಿ ಅಜ್ರಾ ಕಾರಿನ ಸ್ಟಿಯರಿಂಗ್ ಹಿಡಿದು ಕೂತಳು, ಕೀಲಿ ತಿರುಗಿಸಲಾಗಲಿಲ್ಲ. ಪಕ್ಕದಲ್ಲಿ ಅಕ್ರಂ ಬೆಲ್ಟ್ ಹಾಕಿಕೊಂಡು ಎದುರಿನ ಗೋಡೆ ನೋಡುತ್ತಿದ್ದ. ಒಂದು ಪದದಿಂದ ಹೆಪಾರಿನ್ ನಿಂತದ್ದು, ಅದು ನಿಂತು ರಕ್ತ ಹೋದದ್ದು, ಹೋದದ್ದಕ್ಕೆ ರಕ್ತ ಕೊಟ್ಟದ್ದು, ಕೊಟ್ಟದ್ದರಿಂದ ಅವಳ ಕಿಡ್ನಿ ಅವನಿಗೆ ಪರಕೀಯವಾದದ್ದು ಇಬ್ಬರಿಗೂ ಅರ್ಥವಾಗಿತ್ತು. ಬಾಯಿ ಬಿಟ್ಟು ಹೇಳುವ ಅಗತ್ಯವಿರಲಿಲ್ಲ.

"ನನ್ನ ಬೈದುಬಿಡಿ," ಎಂದಳು ಅಜ್ರಾ.

"ಬೈದ್ರೆ ನಿನಗೆ ಹಗುರ ಆಗುತ್ತೆ," ಎಂದ ಅಕ್ರಂ. "ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ."

ಅವಳು ಅತ್ತಳು. ಅವನು ಅಳು ನಿಲ್ಲುವವರೆಗೂ ಕಾದ, ಕೈ ಹಿಡಿಯಲಿಲ್ಲ. ಆಮೇಲೆ, "ನಾಳೆ ಡಯಾಲಿಸಿಸ್ ಬೆಳಿಗ್ಗೆನೋ ಮಧ್ಯಾಹ್ನನೋ?" ಎಂದು ಕೇಳಿದ. ಬೆಳಿಗ್ಗೆ ಎಂದಳು. "ಹಾಗಾದ್ರೆ ಬೇಗ ಮಲಗೋಣ. ನಡಿ," ಎಂದ. ಆ ವಿಷಯವನ್ನು ಅವನು ಮತ್ತೆಂದೂ ಎತ್ತಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ಕೆಲವು ತಿಂಗಳಾದ ಮೇಲೆ ಒಂದು ದಿನ ಸೆಂಟರಿನ ಕುರ್ಚಿಯಲ್ಲಿ ಸೂಜಿ ಚುಚ್ಚುವಾಗ, ಅವಳತ್ತ ನೋಡದೆ ಅವಳ ಕೈಗಾಗಿ ಕೈ ಚಾಚಿದ. ಅಜ್ರಾ ಅದನ್ನೇ ಕ್ಷಮೆ ಎಂದು ಇಟ್ಟುಕೊಂಡಿದ್ದಾಳೆ.

ಅದಲು ಬದಲಿಗೆ ಜೋಡಿ ಸಿಗಲಿಲ್ಲ. ಎರಡು ವರ್ಷ ಏಳು ತಿಂಗಳು, ವಾರಕ್ಕೆ ಮೂರು ದಿನ, ಅಜ್ರಾ ಅವನನ್ನು ಕರೆದುಕೊಂಡು ಹೋಗಿ ಕರೆದುಕೊಂಡು ಬಂದಳು. 2011ರ ನವೆಂಬರಿನಲ್ಲಿ ಅಕ್ರಂನ ಹೃದಯ ನಿಂತಿತು. ನ್ಯೂ ಜೆರ್ಸಿಯ ಮಣ್ಣಿನಲ್ಲೇ ಅವನನ್ನು ಇಟ್ಟರು.

ಅಜ್ರಾ ಈಗ ಮಗಳ ಮನೆಯಲ್ಲಿದ್ದಾಳೆ. ವರ್ಷಕ್ಕೊಮ್ಮೆ ತಪಾಸಣೆಗೆ ಹೋಗುತ್ತಾಳೆ. ಡಾಕ್ಟರು ರಿಪೋರ್ಟು ನೋಡಿ, ಈ ವಯಸ್ಸಿಗೆ ಎರಡೂ ಕಿಡ್ನಿ ಇಷ್ಟು ಚೆನ್ನಾಗಿರುವುದು ಅಪರೂಪ ಎಂದು ಮೆಚ್ಚುತ್ತಾರೆ. ಅವಳು ಥ್ಯಾಂಕ್ಯೂ ಎಂದು ಹೇಳಿ ಎದ್ದು ಬರುತ್ತಾಳೆ.